ಗುಂಡಿನ ಬೆನ್ನಿಗೆ ರಾಕೆಟ್ಟು: ದೂರವೂ ಅದರ ಬೆಲೆಯೂ

1999ರ ಕಾರ್ಗಿಲ್ ಯುದ್ಧದ ದಿನಗಳಲ್ಲಿ ಬೋಫೋರ್ಸ್ ಎಂಬ ಹೆಸರನ್ನೆತ್ತದ ಬಾಯಿಯೇ ಇರಲಿಲ್ಲ. 1986ರಲ್ಲಿ ಸ್ವೀಡನ್ನಿನಿಂದ ಕೊಂಡ ಆ 410 ಫಿರಂಗಿಗಳು ಲಂಚದ ಅಪವಾದದಿಂದಲೇ ಪ್ರಸಿದ್ಧವಾಗಿದ್ದುವು; ಕಾರ್ಗಿಲಿನಲ್ಲಿ ಮಾತ್ರ ತಮ್ಮ ಕೆಲಸದಿಂದ ಪ್ರಸಿದ್ಧವಾದುವು. ನಮ್ಮ ಸೈನಿಕರು ಬಂಡೆಗಳನ್ನು ಹಿಡಿದು ಮೇಲೇರುತ್ತಿದ್ದಾಗ ಗುಂಡುಗಳು ಅವರ ತಲೆಯ ಮೇಲಿಂದಲೇ ಹಾರಿಹೋಗಿ ಶಿಖರದ ಮೇಲಿನ ಶತ್ರುವಿನ ನೆಲೆಗಳನ್ನು ಒಡೆದುವು. ಗುಂಡು ಕೊಂಚ ಮುಂಚಿತವಾಗಿ ಬಿದ್ದಿದ್ದರೆ ಸಾಯುವವನು ನಮ್ಮವನೇ. ಹೊಸ ಫಿರಂಗಿಗಳು ನಾಲ್ವತ್ತು, ಐವತ್ತು ಕಿಲೋಮೀಟರು ಹೊಡೆಯುತ್ತವೆಂಬ ಸುದ್ದಿಯನ್ನು ಓದಿದಾಗಲೆಲ್ಲ ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳುವುದು ಅವಶ್ಯ.

ಹೌವಿಟ್ಜರ್ ಎಂಬುದು ಗುಂಡನ್ನು ಕಮಾನಿನಂತೆ ಎತ್ತರಕ್ಕೆಸೆದು ಗುಡ್ಡದ ಆಚೆಯ ಗುರಿಯ ಮೇಲೆ ಬೀಳಿಸುವ ಫಿರಂಗಿ. ಮದ್ದನ್ನು ಹೆಚ್ಚು ಕಡಿಮೆ ಮಾಡಿ, ನಳಿಗೆಯನ್ನು ಏರಿಸಿ ಇಳಿಸಿ, ದೂರವನ್ನು ಹೊಂದಿಸುತ್ತಾರೆ. ಇಂದು ಬಹುಪಾಲು ದೇಶಗಳಲ್ಲಿ ಇದರ ಬಾಯಿಯ ಅಗಲ 155 ಮಿಲಿಮೀಟರು, ಎಂದರೆ ಸುಮಾರು ಒಂದು ಚೋಟು. ಗುಂಡಿನ ತೂಕ ನಾಲ್ವತ್ತು ಕಿಲೋಗ್ರಾಮಿಗೂ ಮೇಲು. ಸೆಕೆಂಡಿಗೆ ಎಂಟುನೂರು ಮೀಟರಿನ ವೇಗದಲ್ಲಿ ಹೊರಟ ಈ ಗುಂಡನ್ನು ತಡೆಯುವುದು ಗಾಳಿ. ಎದುರಿನಿಂದ ತಳ್ಳುವುದಷ್ಟೇ ಅಲ್ಲ, ಗುಂಡಿನ ಚಪ್ಪಟೆಯಾದ ತಳದ ಹಿಂದೆ ಪೊಳ್ಳೊಂದು ಏರ್ಪಟ್ಟು ಅದನ್ನು ಹಿಂದಕ್ಕೂ ಜಗ್ಗುತ್ತದೆ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗುವುದರಿಂದಲೇ ಕಾರ್ಗಿಲಿನ ಬೆಟ್ಟಗಳಲ್ಲಿ ಅದೇ ಬೋಫೋರ್ಸು ಬಯಲಿನಲ್ಲಿ ಹೊಡೆಯುವುದಕ್ಕಿಂತ ದೂರ ಹೊಡೆಯಿತು.

ಈ ತಡೆಯನ್ನು ಗೆಲ್ಲಲು ಗುಂಡಿನ ತಳದಲ್ಲಿಯೇ ಸಣ್ಣದೊಂದು ರಾಕೆಟ್ಟನ್ನಿಡುವ ಉಪಾಯವನ್ನು ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ದೊಡ್ಡ ಪ್ರಮಾಣದಲ್ಲಿ ಪ್ರಯತ್ನಿಸಿದರು. 1944ರಲ್ಲಿ ಇಟಲಿಯ ಆಂಜಿಯೋ ಕಡಲತೀರದಲ್ಲಿ ಮಿತ್ರಪಕ್ಷದವರನ್ನು ಕಾಡಿದ, ರೈಲಿನ ಮೇಲೆ ಕುಳಿತ ಕೆ-5 ಎಂಬ ಮಹಾಫಿರಂಗಿಯು ಸಾಧಾರಣ ಗುಂಡನ್ನು ಸುಮಾರು 62 ಕಿಲೋಮೀಟರು ಎಸೆಯುತ್ತಿದ್ದಿತು. ಅದಕ್ಕಾಗಿ ತಯಾರಿಸಿದ ರಾಕೆಟ್ ಗುಂಡು ಸುಮಾರು 86 ಕಿಲೋಮೀಟರು ಹೋಯಿತು. ಆದರೆ ಗುಂಡಿನೊಳಗಣ ಸಿಡಿಮದ್ದು ಅರ್ಧದಷ್ಟಕ್ಕೆ ಇಳಿಯಿತು.

ಇಲ್ಲಿಯೇ ವಿಷಯದ ತಿರುಳಿರುವುದು. ಕಾಫಿಯ ಲೋಟವನ್ನು ತುಂಬಿ ಬಲ್ಲ ನಮ್ಮ ಹೋಟೆಲು ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಲೋಟ ಅಷ್ಟೇ, ಹಾಲು ಹೆಚ್ಚಿದರೆ ಡಿಕಾಕ್ಷನ್ ಕಡಿಮೆಯಾಗಲೇಬೇಕು. ನಳಿಗೆಯ ಅಗಲ ಗೊತ್ತಾದ ಮೇಲೆ ಗುಂಡಿನ ಅಳತೆಯೂ ಗೊತ್ತಾದಂತೆಯೇ. ಅಮೆರಿಕದವರ ಲೆಕ್ಕವನ್ನೇ ನೋಡಬಹುದು. ಎಂ 198 ಎಂಬ ಹೌವಿಟ್ಜರಿನಿಂದ ಎಂ 795 ಎಂಬ ಸಾದಾ ಗುಂಡು ಸುಮಾರು 22 ಕಿಲೋಮೀಟರು ಹೋಗುತ್ತದೆ, ಅದರಲ್ಲಿ ಸಿಡಿಮದ್ದು 10.8 ಕಿಲೋಗ್ರಾಮು. ಎಂ 549 ಎ 1 ಎಂಬ ರಾಕೆಟ್ ಗುಂಡು 30 ಕಿಲೋಮೀಟರು ಮುಟ್ಟುತ್ತದೆ, ಸಿಡಿಮದ್ದು 6.8 ಕಿಲೋಗ್ರಾಮು ಮಾತ್ರ.

ಆ ರಾಕೆಟ್ಟು ನಳಿಗೆಯೊಳಗೆ ಹೊತ್ತಿಕೊಳ್ಳುವುದಿಲ್ಲ. ಗುಂಡು ಹಾರಿ ಸುಮಾರು ಏಳು ಸೆಕೆಂಡಿನ ಮೇಲೆ, ಗಾಳಿ ತೆಳುವಾದ ಎತ್ತರದಲ್ಲಿ, ಹೊತ್ತಿಕೊಂಡು ಸುಮಾರು ಮೂರು ಸೆಕೆಂಡು ಉರಿಯುತ್ತದೆ. ಹೇಳಲು ಸುಲಭ. ಆದರೆ ಹಾರುವ ಕ್ಷಣದಲ್ಲಿ ಅದರ ಮೇಲೆ ಬೀಳುವ ಒತ್ತಡವು ಅದರ ಸ್ವಂತ ತೂಕದ ಹತ್ತು ಸಾವಿರ ಪಟ್ಟಿಗೂ ಮಿಗಿಲು. ಜೊತೆಗೆ ಗುಂಡು ಸೆಕೆಂಡಿಗೆ 250ಕ್ಕೂ ಹೆಚ್ಚು ಸುತ್ತು ತಿರುಗುತ್ತಿರುತ್ತದೆ. ಇಷ್ಟರಲ್ಲಿಯೂ ರಾಕೆಟ್ಟಿನ ಮದ್ದು ಬಿರುಕು ಬಿಡಬಾರದು, ಹೊತ್ತುವ ಬತ್ತಿ ಕೆಡಬಾರದು. ಬತ್ತಿ ಹೊತ್ತದಿದ್ದರೆ ಗುಂಡು ಗುರಿಗಿಂತ ಎಷ್ಟೋ ಕಿಲೋಮೀಟರು ಹಿಂದೆಯೇ ಬೀಳುತ್ತದೆ, ಆ ನೆಲದಲ್ಲಿ ಯಾರಿದ್ದಾರೆಂಬುದನ್ನು ಅದು ವಿಚಾರಿಸುವುದಿಲ್ಲ. ಹೊತ್ತಿದರೂ ಒಂದು ಗುಂಡಿನಿಂದ ಇನ್ನೊಂದಕ್ಕೆ ಉರಿಯುವಿಕೆಯಲ್ಲಿ ಎಳ್ಳಷ್ಟು ವ್ಯತ್ಯಾಸವಾದರೆ, ಮೂವತ್ತು ಕಿಲೋಮೀಟರಿನ ಆಚೆ ಅದೇ ಬೆಟ್ಟದಷ್ಟಾಗುತ್ತದೆ. ಆ ದೂರದಲ್ಲಿ ಅರ್ಧಕ್ಕರ್ಧ ಗುಂಡುಗಳು ಗುರಿಯಿಂದ ಇನ್ನೂರು ಮೀಟರಿಗೂ ಆಚೆ ಬೀಳುವುದುಂಟು. ಹಾಗಾಗಿಯೇ ಗುಂಡಿನ ಮೂತಿಗೆ ಉಪಗ್ರಹದ ಸಂಕೇತ ಹಿಡಿದು ದಾರಿ ತಿದ್ದಿಕೊಳ್ಳುವ ಯಂತ್ರವನ್ನು ತಿರುಗಿಸಿ ಕೂರಿಸುವ ಪದ್ಧತಿ ಬಂದಿತು. 2013ರಲ್ಲಿ ಅಮೆರಿಕದ ಸೇನೆ ಅದನ್ನು ಆಫ್ಘಾನಿಸ್ಥಾನಕ್ಕೊಯ್ದಿತು.

ಹಾಗಾದರೆ ರಾಕೆಟ್ಟು ವ್ಯರ್ಥವೇ? ಎಂದಿಗೂ ಅಲ್ಲ. ಶತ್ರುವಿನ ಫಿರಂಗಿ ಮುಟ್ಟಲಾರದ ದೂರದಲ್ಲಿ ನಿಂತು ಹೊಡೆಯಬಲ್ಲವನ ಪ್ರಾಣ ಉಳಿಯುತ್ತದೆ. ವಿಶಾಲವಾದ ನೆಲೆ, ಸಾಮಗ್ರಿಯ ಉಗ್ರಾಣ, ಲಾರಿಗಳ ಸಾಲು ಇಂತಹ ಗುರಿಗಳಿಗೆ ಅದು ತಕ್ಕುದು. ಬೆಟ್ಟವೇರುತ್ತಿರುವ ನಮ್ಮ ಹುಡುಗರ ಮುಂದೆ ನೂರಾರು ಮೀಟರಿನ ಅಂತರದಲ್ಲಿ ಬೀಳಿಸುವುದಕ್ಕೆ ಅದು ತಕ್ಕುದಲ್ಲವೆಂದಷ್ಟೇ ನನ್ನ ಅಭಿಪ್ರಾಯ.

ಕನ್ನಡಿಗರಿಗೆ ರಾಕೆಟ್ಟು ಹೊಸದೇನೂ ಅಲ್ಲ. ಹೈದರ್ ಮತ್ತು ಟಿಪ್ಪುವಿನ ಸೈನ್ಯದ ಕಬ್ಬಿಣದ ಕೊಳವೆಯ ರಾಕೆಟ್ಟುಗಳು 1780ರ ಪೊಳ್ಳಿಲೂರು ಕಾಳಗದಲ್ಲಿ ಇಂಗ್ಲಿಷರನ್ನು ಕಂಗೆಡಿಸಿದ್ದುವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಹಾಳುಬಾವಿಯೊಂದರಲ್ಲಿ ಆ ಬಗೆಯ ಸಾವಿರದಷ್ಟು ಕೊಳವೆಗಳು ದೊರೆತುವು. ಇಂಗ್ಲೆಂಡಿನ ಕಾಂಗ್ರೀವನು ಅವನ್ನು ನೋಡಿಯೇ ತನ್ನ ರಾಕೆಟ್ಟನ್ನು ರೂಪಿಸಿದನು. ಆದರೆ ನಳಿಗೆಯೊಳಗೆ ಸುರುಳಿಗೆರೆಗಳನ್ನು ಕೊರೆದ ಫಿರಂಗಿ ಬಂದಮೇಲೆ, ಗುರಿಯ ಖಚಿತತೆಯಲ್ಲಿ ಸೋತು, ರಾಕೆಟ್ಟು ರಣರಂಗದಿಂದ ಹಿಂದೆ ಸರಿಯಿತು. ಅಂದಿನ ದೋಷವೇ ಇಂದಿಗೂ ಬೇರೆ ವೇಷದಲ್ಲಿ ಕಾಡುತ್ತಿದೆ.

ನಮ್ಮ ದೇಶದಲ್ಲಿ ಅನುಸರಿಸುತ್ತಿರುವ ದಾರಿ ಸ್ವಲ್ಪ ಬೇರೆ. ಪುಣೆಯ ಶಸ್ತ್ರಾಸ್ತ್ರ ಸಂಶೋಧನಾ ಸಂಸ್ಥೆಯವರು ಭಾರತ್ ಫೋರ್ಜ್ ಮತ್ತು ಟಾಟಾ ಕಂಪೆನಿಗಳೊಡನೆ ನಿರ್ಮಿಸಿದ ಎಟ್ಯಾಗ್ಸ್ ಫಿರಂಗಿಯ ನಳಿಗೆ ಸುಮಾರು ಎಂಟು ಮೀಟರು ಉದ್ದ. 2017ರ ಪರೀಕ್ಷೆಯಲ್ಲಿ ಅದು 47 ಕಿಲೋಮೀಟರು ದಾಟಿತು, ರಾಕೆಟ್ಟಿನಿಂದಲ್ಲ. ಗುಂಡಿನ ತಳದಲ್ಲಿ ನಿಧಾನವಾಗಿ ಉರಿಯುವ ಮದ್ದು ಹೊಗೆಯನ್ನು ಬಿಟ್ಟು, ಹಿಂದಿನ ಪೊಳ್ಳನ್ನು ತುಂಬಿ, ಗಾಳಿಯ ಜಗ್ಗಾಟವನ್ನು ಕಡಿಮೆ ಮಾಡುವ ಪದ್ಧತಿಯದು. 1960ರ ದಶಕದಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ್ದು. 2025ರ ಮಾರ್ಚಿನಲ್ಲಿ ಇಂತಹ 307 ಫಿರಂಗಿಗಳಿಗೆ ಕೇಂದ್ರ ಸರಕಾರವು ಒಪ್ಪಂದಕ್ಕೆ ಸಹಿ ಮಾಡಿತು. ಇತ್ತ ಮದ್ರಾಸಿನ ಐ.ಐ.ಟಿ.ಯಲ್ಲಿ, ಉರಿಯಲು ಬೇಕಾದ ಆಮ್ಲಜನಕವನ್ನು ಹೊತ್ತುಕೊಂಡು ಹೋಗದೆ ದಾರಿಯ ಗಾಳಿಯಿಂದಲೇ ಪಡೆಯುವ ರ‍್ಯಾಮ್‌ಜೆಟ್ ಗುಂಡಿನ ಸಂಶೋಧನೆ ನಡೆದಿದೆ. ಗಾಳಿಯನ್ನು ಒಳಗೆಳೆದುಕೊಳ್ಳುವ ಕೊಳವೆಗೂ ಆ ಗುಂಡಿನೊಳಗೇ ಜಾಗ ಮಾಡಿಕೊಡಬೇಕು.