ಹಿರಿಯ ಮರಗಳ ಪರೀಕ್ಷೆ

ಪುತ್ತೂರಿನಿಂದ ಸುಳ್ಯಕ್ಕೆ ಸಾಗುವ ಹೆದ್ದಾರಿಯಲ್ಲಿ ಕುಂಬ್ರವೆಂಬ ಊರಿದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ಗೋಳಿ, ಅಶ್ವತ್ಥ, ಮಾವು, ಹಲಸುಗಳು ಹೆಮ್ಮರಗಳಾಗಿ ಬೆಳೆಯುತ್ತವೆ. ಆಲದ ಮರವನ್ನೇ ಇಲ್ಲಿನ ಜನ ಗೋಳಿಯೆನ್ನುತ್ತಾರೆ. ಬೇಸಗೆಯಲ್ಲಿ ದಾರಿಹೋಕರಿಗೆ ನೆರಳಿತ್ತ ಮರವೇ ಮಳೆಗಾಲದ ಬಿರುಗಾಳಿಯಲ್ಲಿ ಭಯಕ್ಕೆ ಕಾರಣವಾಗುವುದುಂಟು. ಅಂತಹ ಮರವನ್ನು ಕಡಿಯಬೇಕೇ, ಉಳಿಸಬೇಕೇ? ಈ ಪ್ರಶ್ನೆಗೆ ಭಯವಾಗಲಿ ಭಕ್ತಿಯಾಗಲಿ ಉತ್ತರ ಕೊಡಲಾರದು, ಪರೀಕ್ಷೆಯೇ ಕೊಡಬೇಕು.

ಪೊಟರೆ ಬಿದ್ದ ಮರವೆಲ್ಲ ಸಾಯುವ ಮರವಲ್ಲ. ಮರದ ಜೀವವಿರುವುದು ತೊಗಟೆಯ ಕೆಳಗಿನ ಪದರಗಳಲ್ಲಿ. ನಡುವಿನ ಚೇಗು ನಿರ್ಜೀವ ಕೋಶಗಳಿಂದಾದುದು. ಅದು ಕಾಂಡಕ್ಕೆ ಆಧಾರ ಮಾತ್ರ. ಚೇಗು ಕೊಳೆತರೂ, ಟೊಳ್ಳಾದ ಬಿದಿರು ಗಾಳಿಗೆ ನಿಲ್ಲುವಂತೆ ಕಾಂಡವು ನಿಲ್ಲಬಲ್ಲದು. ಆದರೆ ಸುತ್ತಲಿನ ಗಟ್ಟಿಭಾಗದ ದಪ್ಪವು ಕಾಂಡದ ತ್ರಿಜ್ಯದ ಮೂರನೆಯ ಒಂದು ಪಾಲಿಗಿಂತ ಕಡಿಮೆಯಾದರೆ ಅಪಾಯ ಹೆಚ್ಚುವುದೆಂಬುದು ಒಂದು ಸ್ಥೂಲ ನಿಯಮ.

ಪರೀಕ್ಷೆ ಬುಡದಿಂದ ಆರಂಭವಾಗಬೇಕು. ಬುಡದಲ್ಲಿ ಹಲಗೆಯಂತೆ ಚಾಚಿದ ಅಣಬೆಗಳು ಒಳಗಿನ ಕೊಳೆತವನ್ನು ಸೂಚಿಸುತ್ತವೆ. ರಸ್ತೆಗಾಗಿಯೋ ಚರಂಡಿಗಾಗಿಯೋ ಬೇರುಗಳನ್ನು ಕಡಿದಿದ್ದರೆ ಮರದ ಹಿಡಿತ ಸಡಿಲವಾಗಿರುತ್ತದೆ. ಮೊದಲಿನಿಂದಲೂ ಬಾಗಿ ಬೆಳೆದ ಮರಕ್ಕಿಂತ, ಇತ್ತೀಚೆಗೆ ವಾಲಿ, ಹಿಂಬದಿಯ ನೆಲ ಬಿರಿದಿರುವ ಮರ ಹೆಚ್ಚು ಅಪಾಯಕರ. ಮರದ ಸುತ್ತಿಗೆಯಿಂದ ಕಾಂಡವನ್ನು ತಟ್ಟಿದರೆ ಟೊಳ್ಳಿರುವೆಡೆ ಸದ್ದು ಬೇರೆಯಾಗಿ ಕೇಳಿಸುತ್ತದೆ. ಶಬ್ದತರಂಗಗಳನ್ನು ಹಾಯಿಸಿ ಒಳಭಾಗದ ಚಿತ್ರ ಪಡೆಯುವ ಉಪಕರಣಗಳೂ ಇವೆ. ಕೊನೆಗೆ, ಒಣಗಿದ ಕೊಂಬೆಗಳನ್ನೂ ಕವಲುಗಳ ಬಿರುಕುಗಳನ್ನೂ ನೋಡಬೇಕು.

ಅಪಾಯವು ಮರವೊಂದನ್ನೇ ಅವಲಂಬಿಸಿಲ್ಲ. ಕಾಡಿನೊಳಗೆ ಬಿದ್ದರೆ ಯಾರಿಗೂ ಹಾನಿಯಾಗದ ಕೊಂಬೆ, ಬಸ್ಸು ನಿಲ್ಲುವೆಡೆಯಲ್ಲಿ ಬಿದ್ದರೆ ಪ್ರಾಣ ತೆಗೆದೀತು. ಆದುದರಿಂದ ಒಣಕೊಂಬೆಗಳನ್ನು ತೆಗೆಯುವುದು, ಭಾರವಾದ ಕೊಂಬೆಗೆ ಊರೆ ಕೊಡುವುದು, ಜನ ನಿಲ್ಲುವ ಸ್ಥಳವನ್ನು ಬದಲಿಸುವುದು ಮುಂತಾದ ಉಪಾಯಗಳನ್ನು ಮೊದಲು ಯೋಚಿಸಬೇಕು. ಕಡಿಯುವುದು ಕೊನೆಯ ಉಪಾಯ. ಅದಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಸಾಮಾನ್ಯವಾಗಿ ವೃಕ್ಷಾಧಿಕಾರಿಯ ಅನುಮತಿ ಬೇಕು.

ಬೆಂಗಳೂರಿನ ಸಮೀಪದ ರಾಮೋಹಳ್ಳಿಯ ದೊಡ್ಡ ಆಲದ ಮರ ಇದಕ್ಕೆ ಒಳ್ಳೆಯ ನಿದರ್ಶನ. ಸುಮಾರು 400 ವರ್ಷಗಳದೆಂದು ಹೇಳಲಾಗುವ ಅದು ಸುಮಾರು 3 ಎಕರೆಗಳಷ್ಟು ಹರಡಿದೆ. ಮೂಲಕಾಂಡ ರೋಗದಿಂದ ನಾಶವಾದರೂ ನೆಲಕ್ಕಿಳಿದ ಬಿಳಲುಗಳೇ ಕಾಂಡಗಳಾಗಿ ಮರವನ್ನು ಬದುಕಿಸಿವೆ. ಆದರೂ 2024ರ ಜೂನ್ ತಿಂಗಳ ಮಳೆಗೆ ಅದರ ಒಂದು ಭಾಗ ಉರುಳಿತು. ಹಿರಿಯ ಮರ ಬದುಕಬಲ್ಲದು. ಆದರೆ ಒಮ್ಮೆ ನೋಡಿದರೆ ಸಾಲದು. ಪ್ರತಿವರ್ಷವೂ ಮಳೆಗಾಲಕ್ಕೆ ಮುನ್ನ ಅದರ ಬುಡದಿಂದ ತುದಿಯವರೆಗೆ ಪರೀಕ್ಷಿಸಿದಾಗಲೇ ಮರವೂ ಉಳಿದೀತು, ಅದರ ನೆರಳಿನಲ್ಲಿ ನಿಲ್ಲುವವರೂ ಉಳಿದಾರು.