ಮದ್ದಿನ ಪಂಪಿನ ದೋಹಾ ನೆಂಟ

ಪುತ್ತೂರು, ಸುಳ್ಯದ ಕಡೆ ಅಡಿಕೆ ತೋಟದ ಮನೆಯಲ್ಲಿ ಬೆಳೆದವರಿಗೆ ಪ್ರೆಶರ್ ವಾಷರ್ ಹೊಸ ಜಾತಿಯ ಪ್ರಾಣಿಯೇನಲ್ಲ. ಮಳೆಗಾಲದಲ್ಲಿ ಬೋರ್ಡೋ ಮದ್ದು ಬಿಡುವ ಎಚ್‌ಟಿಪಿ ಪಂಪು ಇದೆಯಲ್ಲ, ಇದು ಅದರ ದಾಯಾದಿ. ಅಲ್ಲೂ ಮೂರು ಪಿಸ್ಟನ್, ಇಲ್ಲೂ ಸಾಮಾನ್ಯವಾಗಿ ಮೂರೇ. ಅದು 20–30 ಬಾರ್ ಒತ್ತಡದಲ್ಲಿ ಮದ್ದನ್ನು ಅಡಿಕೆ ಗೊನೆಗೆ ಮುಟ್ಟಿಸಿದರೆ ಇದು 150–200 ಬಾರ್‌ನಲ್ಲಿ ಸಿಮೆಂಟಿಗೆ ಕಚ್ಚಿದ ಕೊಳೆ ಎಬ್ಬಿಸುತ್ತದೆ. ಕಾರಿನ ಟೈರಿನಲ್ಲಿರುವುದು ಬರೀ ಎರಡೂಕಾಲು ಬಾರ್.

ಹಾಗಾಗಿ ದೋಹಾದಲ್ಲಿ ಈ ಕೆಲಸ ಕಲಿತು ಮುಂದೆ ಸ್ವಂತದ್ದು ಶುರು ಮಾಡುತ್ತೇನೆ ಎನ್ನುವ ನಮ್ಮ ಕಡೆಯ ಹುಡುಗರಿಗೆ ನಾನು ಹೇಳುವುದು ಇಷ್ಟೆ: ಗನ್ ಹಿಡಿಯುವುದು ಎರಡು ದಿನದಲ್ಲಿ ಬರುತ್ತದೆ ಮಾರಾಯ, ಪಂಪಿಗೆ ಹೋಗುವ ನೀರನ್ನು ನೋಡಲು ಕಲಿ.

ಪಂಪು ಒತ್ತಡ ಹುಟ್ಟಿಸುತ್ತದೆ ಎಂದೇ ಎಲ್ಲರ ಎಣಿಕೆ. ಪಂಪಿಗೆ ಗೊತ್ತಿರುವುದು ತಳ್ಳುವುದೊಂದೇ. ನಿಮಿಷಕ್ಕೆ 15 ಲೀಟರ್ ನೀರು ಒಂದೂಕಾಲು ಮಿಲಿಮೀಟರಿನ ತೂತಿನಲ್ಲಿ ನುಗ್ಗಬೇಕಾದಾಗ ಒತ್ತಡ ತಾನಾಗಿ 200 ಬಾರ್‌ಗೆ ಏರುತ್ತದೆ. ನಾಜಲ್ ದಾಟಿದ ಮೇಲೆ ಆ ಒತ್ತಡ ಉಳಿಯುವುದಿಲ್ಲ, ಪೂರ್ತಿ ವೇಗವಾಗಿರುತ್ತದೆ: ಸೆಕೆಂಡಿಗೆ ಸುಮಾರು 200 ಮೀಟರ್, ಅಂದರೆ ಗಂಟೆಗೆ 720 ಕಿಲೋಮೀಟರ್. ಗನ್ ಹಿಡಿದವನನ್ನು ಐದು ಕಿಲೋ ಭಾರದಷ್ಟು ಹಿಂದಕ್ಕೆ ದೂಡುತ್ತದೆ. ಮೊದಲ ದಿನ ಟ್ರಿಗರ್ ಒತ್ತಿದವನು ಒಂದು ಹೆಜ್ಜೆ ಹಿಂದೆ ಸರಿಯುವುದು ಅದಕ್ಕೇ. ಈ ಧಾರೆ ಚರ್ಮವನ್ನೂ ತೂರುತ್ತದೆ. ಸೂಜಿಮೊನೆಯಷ್ಟೇ ಗಾಯ ಕಂಡರೂ ನೇರ ಆಸ್ಪತ್ರೆಗೆ ಓಡಬೇಕು.

ಇನ್ನು ಮರಳು. ನೀರಿನಲ್ಲಿ ಬಂದ ಹುಡಿ ನಾಜಲನ್ನು ಒಳಗಿನಿಂದ ಉಜ್ಜುತ್ತದೆ. ತೂತಿನ ವ್ಯಾಸ ಹತ್ತರಲ್ಲಿ ಒಂದು ಪಾಲು ಹಿಗ್ಗಿದರೂ ಒತ್ತಡ ಮೂರರಲ್ಲಿ ಒಂದು ಪಾಲು ಇಳಿದುಹೋಗುತ್ತದೆ. ಹೊಸಬರು ಪಂಪನ್ನು ಬೈದು ಬಿಚ್ಚಿ ಕೂರುತ್ತಾರೆ. ಪಳಗಿದವನು ನಾಜಲ್ ಬದಲಿಸಿ ನೋಡುತ್ತಾನೆ.

ಕತಾರ್‌ನ ನಿಜವಾದ ಪಾಠ ಬಿಸಿನೀರು. ಬೇಸಿಗೆಯಲ್ಲಿ ಅಲ್ಲಿ ತಾರಸಿ ಟ್ಯಾಂಕಿನ ನೀರು ಕೈಸುಡುತ್ತದೆ. ಎಷ್ಟೋ ಮನೆಗಳಲ್ಲಿ ಗೀಸರ್ ಆಫ್ ಮಾಡಿಟ್ಟು, ಅದರೊಳಗೆ ಆರಿದ ನೀರನ್ನೇ ತಣ್ಣೀರಾಗಿ ಬಳಸುತ್ತಾರೆ! ಸಣ್ಣ ಯಂತ್ರಗಳಿಗೆ ಒಳಹೋಗುವ ನೀರು ಸಾಮಾನ್ಯವಾಗಿ 40 ಡಿಗ್ರಿ ಮೀರಬಾರದು. ಪಿಸ್ಟನ್ ಹಿಂದೆ ಸರಿದಾಗ ಒಳಗೆ ಒತ್ತಡ ಕುಸಿಯುತ್ತದೆ. ಬಿಸಿನೀರಾದರೆ ಅಷ್ಟಕ್ಕೇ ಅಲ್ಲಲ್ಲಿ ಕುದಿದು ಆವಿಯ ಗುಳ್ಳೆಗಳೇಳುತ್ತವೆ. ಮರುಕ್ಷಣ ಪಿಸ್ಟನ್ ಒತ್ತಿದಾಗ ಗುಳ್ಳೆ ಕುಸಿಯುವ ಹೊಡೆತಕ್ಕೆ ಲೋಹದಲ್ಲಿ ಕುಳಿ ಬೀಳುತ್ತದೆ. ಹೊರಗೆ ಕೇಳುವುದು ಡಬ್ಬಿಯಲ್ಲಿ ಜಲ್ಲಿ ಅಲ್ಲಾಡಿಸಿದಂಥ ಸದ್ದು. ಇದರ ಮೇಲೆ ಮೋಟರ್ ಓಡಲು ಬಿಟ್ಟು, ಟ್ರಿಗರ್ ಸಡಿಲಿಸಿ, ಕರಕ್ ಚಹಾ ಕುಡಿಯಲು ಹೋದರೆ ಮುಗಿಯಿತು. ತಾನಾಗಿ ನಿಲ್ಲದ ಯಂತ್ರದಲ್ಲಿ ಅದೇ ನೀರು ಪಂಪಿನೊಳಗೇ ಸುತ್ತುತ್ತ ಇನ್ನಷ್ಟು ಕಾದು ಸೀಲುಗಳನ್ನು ಹಾಳುಮಾಡುತ್ತದೆ.

ಆ ನೀರಾದರೂ ಎಲ್ಲಿಯದು? ಕತಾರ್‌ನಲ್ಲಿ ನದಿಯಿಲ್ಲ, ಕುಡಿಯುವ ನೀರು ಹೆಚ್ಚುಕಡಿಮೆ ಎಲ್ಲವೂ ಸಮುದ್ರದಿಂದ ಉಪ್ಪು ತೆಗೆದದ್ದು. ಕುಡಿಯುವ ನೀರನ್ನು ಹೋಸ್‌ನಲ್ಲಿ ಬಿಟ್ಟು ಕಾರು, ಅಂಗಳ ತೊಳೆಯುವುದಕ್ಕೆ 2008ರ 26ನೇ ಕಾನೂನಿನ ತಡೆಯಿದೆ. 2015ರ ತಿದ್ದುಪಡಿಯ ಬಳಿಕ ದಂಡ 20,000 ರಿಯಾಲ್‌ವರೆಗೆ. ಯಂತ್ರ ಕೊಳ್ಳುವ ಮೊದಲು ನೀರಿನ ಮೂಲ, ಅನುಮತಿ ಎರಡನ್ನೂ ವಿಚಾರಿಸಿಕೊಳ್ಳದವನ ಬಿಸಿನೆಸ್ ಬಹಳ ದಿನ ನಡೆಯದು.

ಕೊಳೆಯೂ ನಮ್ಮೂರಿನದಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮಳೆ, ಅಂಗಳದ ತುಂಬ ಪಾಚಿ. ದೋಹಾದಲ್ಲಿ ಮಳೆ ನೂರು ಮಿ.ಮೀ.ಗೂ ಕಡಿಮೆ, ಅಲ್ಲಿ ಸುಣ್ಣದಂಶ ತುಂಬಿದ ಧೂಳು ರಾತ್ರಿಯ ಇಬ್ಬನಿಯಲ್ಲಿ ನೆನೆದು, ಬೆಳಗಿನ ಬಿಸಿಲಿಗೆ ಒಣಗಿ ಗೋಡೆಗೆ ಸುಣ್ಣ ಬಳಿದಂತೆ ಅಂಟುತ್ತದೆ. ಮೊದಲು ದೂರದಿಂದ ತೋಯಿಸಿ ಬಿಡಬೇಕು. ಆಮೇಲೆ 25 ಡಿಗ್ರಿಯ ಹಸಿರು ನಾಜಲ್ ಹಾಕಿದರೆ ಒಂದು ಗೇಣು ದೂರದಲ್ಲಿ ನೀರು ಸುಮಾರು 9 ಸೆಂ.ಮೀ. ಅಗಲಕ್ಕೆ ಬೀಸಣಿಗೆಯಾಗುತ್ತದೆ. ಆತುರಪಟ್ಟು ಹತ್ತಿರ ಹಿಡಿದರೆ ಇಂಟರ್‌ಲಾಕ್ ಸಂದಿಯ ಮರಳೆಲ್ಲ ಎದ್ದು ಗೋಡೆಗೆ ಎರಚುತ್ತದೆ. ಗೋಡೆಯನ್ನೂ ತೊಳೆಯಬೇಕು, ಸಂದಿಗೆ ಮರಳನ್ನೂ ತುಂಬಿಕೊಡಬೇಕು, ಎರಡೂ ಪುಕ್ಕಟೆ.

ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನಲ್ಲಿ ಕೆಲಸ ಮಾಡಿಸುವುದನ್ನು ಸರಕಾರ ನಿಷೇಧಿಸಿದೆ. ಅದು ಆಳಿನ ಜೀವಕ್ಕಾಗಿ ಮಾಡಿದ ನಿಯಮ, ಪಂಪಿಗೂ ಹಿತವೇ. ನಸುಕಿಗೇ ಬಂದವನು ಮೊದಲು ಟ್ಯಾಂಕಿನ ಪೈಪನ್ನು ಅಂಗೈಯಿಂದ ಮುಟ್ಟಿ ನೋಡುತ್ತಾನೆ, ಫಿಲ್ಟರ್ ಬಿಚ್ಚಿ ಕೊಡವುತ್ತಾನೆ, ಆಮೇಲೆ ಸ್ವಿಚ್ಚು ಹಾಕುತ್ತಾನೆ.