ಕಡಲಾಚೆಯ ಹಿಮನಾಡು ಮತ್ತು ನಮ್ಮ ಎಳೆಯ ಮಕ್ಕಳು

ಎಳೆಯ ಮಕ್ಕಳಿಗೆ ದೂರದೇಶದ ಸಂಗತಿಗಳನ್ನು ಹೇಳಬೇಕೆ, ಬೇಡವೆ ಎಂಬ ಪ್ರಶ್ನೆಯು ಹೆತ್ತವರಲ್ಲಿಯೂ ಉಪಾಧ್ಯಾಯಿನಿಯರಲ್ಲಿಯೂ ಆಗಾಗ ಹುಟ್ಟುವುದುಂಟು. ನಾಲ್ಕೈದು ವರ್ಷದ ಮಗುವಿಗೆ ಮನೆ, ಅಂಗಳ, ಹಟ್ಟಿ, ಬೈಲು ಇವಿಷ್ಟೇ ಪ್ರಪಂಚವಾಗಿರುವಾಗ, ಭೂಮಿಯ ತುತ್ತತುದಿಯಲ್ಲಿರುವ ಹಿಮನಾಡಿನ ಗೊಡವೆ ಅದಕ್ಕೇಕೆಂದು ಕೆಲವರು ಕೇಳುವರು. ಆದರೆ ಆ ಹಿಮನಾಡು ನಾವು ಕರೆಯದೆಯೇ ಮಕ್ಕಳ ಬಳಿಗೆ ಬಂದಾಗಿದೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಮಕ್ಕಳು ಶಿಶುವಿಹಾರಕ್ಕೆ ಕಾಲಿಟ್ಟ ಕೆಲವೇ ದಿನಗಳಲ್ಲಿ 'ಪಿ' ಎಂದರೆ ಪೆಂಗ್ವಿನ್, 'ಐ' ಎಂದರೆ ಇಗ್ಲೂ ಎಂದು ಒಪ್ಪಿಸತೊಡಗುವರು. ಚಿತ್ರಪಟದಲ್ಲಿ ಬಿಳಿಯ ಕರಡಿಯೂ ಪೆಂಗ್ವಿನ್ನೂ ಒಂದೇ ಹಿಮಗಡ್ಡೆಯ ಮೇಲೆ ನೆರೆಹೊರೆಯವರಂತೆ ನಿಂತಿರುವುದನ್ನೂ ಅವರು ನೋಡುವರು. ಹೀಗಿರಲು, ಹೇಳಬೇಕೆ ಎಂಬ ಪ್ರಶ್ನೆ ಮುಗಿದಂತಾಯಿತು. ಹೇಗೆ ಹೇಳಬೇಕೆಂಬುದೇ ನಮ್ಮ ಮುಂದೆ ಉಳಿದಿರುವ ವಿಚಾರ.

ಈ ವಿಚಾರದಲ್ಲಿ ನಮ್ಮ ನಾಡಿಗೆ ಮೇಲ್ಪಂಕ್ತಿಯ ಕೊರತೆಯಿಲ್ಲ. ಈಗ ಬ್ರಹ್ಮಾವರ ತಾಲೂಕಿಗೆ ಸೇರಿರುವ ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು 1936ರಲ್ಲಿ 'ಬಾಲಪ್ರಪಂಚ'ವೆಂಬ ಮಕ್ಕಳ ವಿಶ್ವಕೋಶವನ್ನು ಮೂರು ಸಂಪುಟಗಳಲ್ಲಿ ಹೊರತಂದರು. ಲೋಕದ ಅರಿವೆಲ್ಲವೂ ಕನ್ನಡದ ಮಗುವಿಗೆ ಕನ್ನಡದಲ್ಲಿಯೇ ದೊರೆಯಬೇಕೆಂಬ ಹಂಬಲವು ಆ ದೊಡ್ಡ ಕೆಲಸದ ಹಿಂದೆ ಇದ್ದಿತು. ಪುತ್ತೂರಿನಲ್ಲಿ ಅವರು ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದ ತಾಣಕ್ಕೆ 'ಬಾಲವನ'ವೆಂದು ಹೆಸರು. ಜರ್ಮನಿಯ ಫ್ರೋಬೆಲನು 1840ರಲ್ಲಿ ತನ್ನ ಶಿಶುಶಾಲೆಗೆ ಇಟ್ಟ 'ಕಿಂಡರ್‌ಗಾರ್ಟನ್' ಎಂಬ ಹೆಸರಿಗೂ ಮಕ್ಕಳ ತೋಟವೆಂದೇ ಅರ್ಥ. ತೋಟದಲ್ಲಿ ಗಿಡವು ತನ್ನ ಬೇರಿನ ಬಳಿಯ ಮಣ್ಣಿನಿಂದಲೇ ಸಾರವನ್ನು ಹೀರುವುದು. ಮಗುವಿನ ಬುದ್ಧಿಯೂ ತಾನು ಕಂಡುಂಡ ವಸ್ತುವಿನಿಂದ ಹೊರಟು ಕಾಣದುದರ ಕಡೆಗೆ ಚಾಚಿಕೊಳ್ಳುವುದೆಂಬುದು ಎಲ್ಲ ತಾಯಂದಿರಿಗೂ ಅನುಭವವಿರುವ ಸಂಗತಿ.

ಹಾಗಾದರೆ ನಮ್ಮ ಕರಾವಳಿಯ ಮಗು ಕಂಡುಂಡ ಯಾವ ವಸ್ತುವು ಅದನ್ನು ಹಿಮನಾಡಿಗೆ ಒಯ್ಯಬಲ್ಲುದು? ಮೊದಲನೆಯದು ಕಡಲು. ಮರವಂತೆಯ ಹೊಯ್ಗೆಯ ಮೇಲೆ ಮಗುವನ್ನು ಪಡುವಣಕ್ಕೆ ಮುಖಮಾಡಿ ನಿಲ್ಲಿಸಿದರೆ ಅದರ ಎಡಗೈಯ ಕಡೆಗೆ ತೆಂಕಣ ದಿಕ್ಕು. ಅಲ್ಲಿಂದ ಒಂದು ದೋಣಿಯು ಎಲ್ಲಿಯೂ ಓರೆಯಾಗದೆ ನೇರವಾಗಿ ತೆಂಕಣಕ್ಕೆ ಸಾಗಿತೆಂದು ಭಾವಿಸೋಣ. ಲಕ್ಷದ್ವೀಪವೂ ಮಾಲ್ದೀವೂ ಅದರ ಬಲಕ್ಕೆ ಉಳಿಯುವವು; ಕೇರಳದ ಕರೆಯೂ ಸಿಂಹಳವೂ ಎಡಕ್ಕೆ ಸರಿಯುವವು. ಸುಮಾರು 9,200 ಕಿಲೋಮೀಟರುಗಳವರೆಗೆ ಒಂದು ತುಂಡು ನೆಲವೂ ಅದಕ್ಕೆ ಅಡ್ಡ ಬಾರದು. ಕೊನೆಗೆ ಅದು ತಾಗುವುದು ಅಂಟಾರ್ಕ್ಟಿಕವೆಂಬ ಹಿಮಖಂಡದ ದಡಕ್ಕೆ. ಇನ್ನೂ ಸೋಜಿಗವೆಂದರೆ, ಆ ದಡದಿಂದ ಸ್ವಲ್ಪವೇ ಮೂಡಲಿಗೆ, ಲಾರ್ಸೆಮನ್ ಬೆಟ್ಟಗಳಲ್ಲಿ, ನಮ್ಮ ದೇಶದವರು 2012ರಲ್ಲಿ ತೆರೆದ 'ಭಾರತಿ' ಎಂಬ ಸಂಶೋಧನಾ ನಿಲ್ದಾಣವಿದೆ. ಹಡಗಿನಲ್ಲಿ ಸರಕು ಸಾಗಿಸುವ 134 ಕಬ್ಬಿಣದ ಪೆಟ್ಟಿಗೆಗಳನ್ನು ಜೋಡಿಸಿ ಕಟ್ಟಿದ ಮನೆ ಅದು. ನಮ್ಮೂರಿನ ನೆತ್ತಿಗೆ ಸೂರ್ಯನು ಬರುವ ಹೊತ್ತಿಗೇ, ನಾಲ್ಕೆಂಟು ನಿಮಿಷಗಳ ಅಂತರದಲ್ಲಿ, ಅಲ್ಲಿಯೂ ನಡುಹಗಲು. ನಮ್ಮ ಕಾಲನ್ನು ತೋಯಿಸುವ ನೀರೇ ಆಚೆಯ ತುದಿಯಲ್ಲಿ ಹಿಮವನ್ನು ಮುಟ್ಟಿಕೊಂಡಿದೆ ಎಂದು ಕೇಳಿದ ಮಗುವಿಗೆ ಧ್ರುವಪ್ರದೇಶವು ಪಟದ ಮೇಲಿನ ಬಣ್ಣವಾಗಿ ಉಳಿಯದೆ, ಹೋಗಬಹುದಾದ ಒಂದು ಊರಾಗುವುದು.

ಎರಡನೆಯ ವಸ್ತು ಮಂಜುಗಡ್ಡೆ. ಹಿಮ ಬೀಳದ ನಾಡಿನವರು ನಾವು. ಆದರೂ ಗಂಗೊಳ್ಳಿಯ ಬಂದರಿನಲ್ಲಿ ಮೀನಿನ ಪೆಟ್ಟಿಗೆಗಳಿಗೆ ಪುಡಿಮಾಡಿ ಸುರಿಯುವ ಐಸನ್ನು ಕಾಣದ ಮೀನುಗಾರರ ಮಗುವುಂಟೆ? ಒಂದು ತುಂಡು ಐಸನ್ನು ಗಾಜಿನ ಲೋಟದ ನೀರಿನಲ್ಲಿ ಬಿಟ್ಟು ತೋರಿಸಬಹುದು. ಅದು ತೇಲುವುದು, ಆದರೆ ಮೇಲಕ್ಕೆ ಕಾಣುವುದು ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ, ಉಳಿದುದೆಲ್ಲ ನೀರಿನೊಳಗೆ. ಹಡಗುಗಳು ತೇಲುವ ಹಿಮಬೆಟ್ಟಕ್ಕೆ ಏಕೆ ಅಂಜುವುವೆಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಲಾರದು. ಮಾರ್ಗಶಿರದ ಚಳಿಯಲ್ಲಿ ಬೆಳಗಿನ ಜಾವ ಕುಪ್ಪಿಯ ತೆಂಗಿನೆಣ್ಣೆಯು ಬೆಳ್ಳಗೆ ಗಟ್ಟಿಯಾಗುವುದನ್ನು ಮಗು ಕಂಡಿರುವುದು. ಎಣ್ಣೆಯು ಹೆಪ್ಪುಗಟ್ಟಲು ನಮ್ಮ ಚಳಿ ಸಾಕು. ಕಡಲೇ ಹೆಪ್ಪುಗಟ್ಟಬೇಕಾದರೆ ಚಳಿ ಎಷ್ಟಿರಬೇಡವೆಂದು ಕೇಳಿದರೆ ಉತ್ತರವು ಮಗುವಿನ ಕಣ್ಣಿನಲ್ಲಿಯೇ ಕಾಣಿಸುವುದು. ಹೆತ್ತವರ ತಿಳಿವಿಗಾಗಿ ಒಂದು ಮಾತು: ಅಂಟಾರ್ಕ್ಟಿಕದ ವೋಸ್ಟಾಕ್ ನಿಲ್ದಾಣದಲ್ಲಿ 1983ರ ಜುಲೈ 21ರಂದು ಶೂನ್ಯಕ್ಕಿಂತ 89.2 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯನ್ನು ಅಳೆದಿರುವರು. ಆ ಖಂಡವು ಭಾರತದ ನಾಲ್ಕು ಪಟ್ಟಿಗಿಂತಲೂ ವಿಸ್ತಾರವಾದುದು. ಅದರ ಮೇಲಿನ ಹಿಮದ ದಪ್ಪವು ಸರಾಸರಿ ಎರಡು ಕಿಲೋಮೀಟರಿನಷ್ಟು.

ಮೂರನೆಯ ವಸ್ತು ತೆಂಗಿನಕಾಯಿ. ಸುಲಿಯದ ಕಾಯಿಯೊಂದನ್ನು ಕತ್ತಲೆಯ ಕೋಣೆಯಲ್ಲಿ ದೀಪದ ಮುಂದೆ ಹಿಡಿದು, ತೊಟ್ಟಿನ ತುದಿಯನ್ನು ದೀಪದ ಕಡೆಗೆ ತುಸು ಬಾಗಿಸಿ ಮೆಲ್ಲನೆ ತಿರುಗಿಸಬೇಕು. ತೊಟ್ಟಿನ ಬಳಿಯು ಎಷ್ಟು ತಿರುಗಿದರೂ ಬೆಳಕಿನಲ್ಲಿಯೇ ಇರುವುದು. ಬುಡದ ತುದಿಯು ಕತ್ತಲೆಯಲ್ಲಿಯೇ ಉಳಿಯುವುದು. ನಮ್ಮಲ್ಲಿ ಕಾರ್‌ಮಳೆ ಸುರಿಯುವ ಜೂನ್ ತಿಂಗಳಿನಲ್ಲಿ ಭೂಮಿಯ ಸ್ಥಿತಿಯು ಹೀಗೆಯೇ. ಆಗ ಉತ್ತರ ಧ್ರುವದಲ್ಲಿ ಸೂರ್ಯನು ಮುಳುಗುವುದಿಲ್ಲ. ತೆಂಕಣದ ಭಾರತಿಯಲ್ಲಿ ಹಲವು ವಾರಗಳ ಕಾಲ ಮೂಡುವುದೇ ಇಲ್ಲ. ಆಸಾಡಿಯ ಮೋಡಕ್ಕೆ ಬೇಸತ್ತು ಹೊಸ್ತಿಲಲ್ಲಿ ಕುಳಿತ ಮಗುವಿಗೆ, ಕಡಲಿನ ಆಚೆಯ ತುದಿಯವರಿಗೆ ಈಗ ನಡುಹಗಲೂ ಇರುಳೇ ಎಂದು ಹೇಳಿದರೆ ಅದು ಮರೆಯಲಾರದು.

ಇನ್ನು ಪ್ರಾಣಿಗಳ ವಿಷಯ. ಇಲ್ಲಿ ಮೊದಲು ತಿದ್ದಬೇಕಾದುದು ಚಿತ್ರಪಟದ ತಪ್ಪನ್ನು. ಬಿಳಿಯ ಕರಡಿಯು ಬಡಗಣದ ತುದಿಯದು. ಅಂಟಾರ್ಕ್ಟಿಕದ ಪೆಂಗ್ವಿನ್ನು ತೆಂಕಣದ ತುದಿಯದು. ಭೂಮಿಯ ಎತ್ತರವೆಲ್ಲ ನಡುವೆ ಇರುವುದರಿಂದ ಅವು ಒಂದನ್ನೊಂದು ಕಾಡಿನಲ್ಲಾಗಲಿ ಕಡಲಿನಲ್ಲಾಗಲಿ ಎಂದಿಗೂ ಕಂಡುದಿಲ್ಲ. ಬಡಗಣದಲ್ಲಿ ನಡುವೆ ಹೆಪ್ಪುಗಟ್ಟಿದ ಕಡಲು, ಸುತ್ತ ನೆಲ. ತೆಂಕಣದಲ್ಲಿ ನಡುವೆ ನೆಲ, ಸುತ್ತ ಕಡಲು. ಈ ಎರಡು ನಾಡುಗಳನ್ನು ಎರಡು ತಟ್ಟೆಗಳಲ್ಲಿ ಮಣ್ಣು ನೀರುಗಳಿಂದ ಮಾಡಿಸಿ, ಯಾವ ಪ್ರಾಣಿಯನ್ನು ಯಾವ ತಟ್ಟೆಯಲ್ಲಿಡಬೇಕೆಂದು ಕೇಳುವುದು ಮಕ್ಕಳಿಗೆ ಒಳ್ಳೆಯ ಆಟ. ಕರಡಿ, ವಾಲ್ರಸ್, ಹಿಮಸಾರಂಗಗಳು ಬಡಗಣದ ತಟ್ಟೆಗೆ, ಪೆಂಗ್ವಿನ್ನು ತೆಂಕಣದ್ದಕ್ಕೆ, ಸೀಲ್ ಮತ್ತು ತಿಮಿಂಗಿಲಗಳು ಎರಡಕ್ಕೂ ಸಲ್ಲುವವು. ಮನುಷ್ಯನ ಗೊಂಬೆಯನ್ನು ಬಡಗಣದಲ್ಲಿ ಇಡಬಹುದು. ಇನ್ಯೂಯಿಟ್ ಮೊದಲಾದ ಜನರು ಅಲ್ಲಿ ಬಹು ಹಿಂದಿನಿಂದ ಬಾಳಿಕೊಂಡು ಬಂದವರು. ಇಗ್ಲೂ ಎಂಬುದು ಅವರಲ್ಲಿ ಕೆಲವರು ಬೇಟೆಯ ಪಯಣದಲ್ಲಿ ಕಟ್ಟುತ್ತಿದ್ದ ಹಿಮದ ಬಿಡಾರ. ಇಂದು ಅವರು ವಾಸಿಸುವುದು ನಮ್ಮಂತೆಯೇ ಮನೆಗಳಲ್ಲಿ.

ಪೆಂಗ್ವಿನ್ನುಗಳಲ್ಲಿ ದೊಡ್ಡದಾದ ಚಕ್ರವರ್ತಿ ಪೆಂಗ್ವಿನ್ನು ನಿಂತರೆ ನಮ್ಮ ಐದು ವರ್ಷದ ಮಗುವಿನ ಎತ್ತರವಿರುವುದು; ಗೋಡೆಯ ಮೇಲೆ ಮಸಿಯಿಂದ ಗುರುತುಮಾಡಿ ಮಗುವನ್ನು ಪಕ್ಕದಲ್ಲಿ ನಿಲ್ಲಿಸಬಹುದು. ಭಾರತಿಯಿಂದ ಹೆಚ್ಚು ದೂರವಲ್ಲದ ಅಮಂಡಾ ಕೊಲ್ಲಿಯಲ್ಲಿ ಇವುಗಳ ದೊಡ್ಡ ಬೀಡೊಂದಿದೆ. ನಮ್ಮ ಹೇಂಟೆಯು ಕಾವಿಗೆ ಕೂರುವುದು ಇಪ್ಪತ್ತೊಂದು ದಿನ. ಚಕ್ರವರ್ತಿ ಪೆಂಗ್ವಿನ್ನಿನಲ್ಲಿ ತಾಯಿಯು ಮೊಟ್ಟೆಯನ್ನಿಟ್ಟು ಆಹಾರಕ್ಕಾಗಿ ಕಡಲಿಗೆ ಹೋಗುವಳು. ತಂದೆಯು ಆ ಒಂದು ಮೊಟ್ಟೆಯನ್ನು ಪಾದಗಳ ಮೇಲೆ ಇರಿಸಿಕೊಂಡು, ಹೊಟ್ಟೆಯ ಚರ್ಮದ ಮಡಿಕೆಯನ್ನು ಹೊದಿಸಿ, ಎರಡು ತಿಂಗಳಿಗೂ ಮಿಗಿಲಾಗಿ ಏನನ್ನೂ ತಿನ್ನದೆ ಆ ಕತ್ತಲೆಯ ಚಳಿಯಲ್ಲಿ ನಿಂತಿರುವನು. ಗಾಳಿ ಬೀಸಿದಾಗ ನೂರಾರು ತಂದೆಗಳು ಒತ್ತೊತ್ತಾಗಿ ಕೂಡಿಕೊಳ್ಳುವರು. ಅಂಚಿನಲ್ಲಿದ್ದವರು ಮೆಲ್ಲನೆ ಒಳಕ್ಕೆ ಸರಿಯುವರು, ಒಳಗಿದ್ದವರು ಹೊರಕ್ಕೆ ಬರುವರು. ಇದನ್ನು ಹೇಳಿ ಬಿಡುವುದಕ್ಕಿಂತ ಆಡಿಸುವುದು ಮೇಲು. ಮಕ್ಕಳ ಪಾದಗಳ ಮೇಲೆ ಬಟ್ಟೆಯ ಚೆಂಡನ್ನಿಟ್ಟು, ಅದು ಬೀಳದಂತೆ ಒಬ್ಬರನ್ನೊಬ್ಬರು ಒತ್ತಿಕೊಂಡು ನಡೆಯಹೇಳಿದರೆ, ಬೆಚ್ಚಗಿನ ಜಾಗವನ್ನು ಸರದಿಯಂತೆ ಹಂಚಿಕೊಳ್ಳುವ ಪಾಠವು ಉಪದೇಶವಿಲ್ಲದೆ ಮನಸ್ಸಿಗಿಳಿಯುವುದು.

ಅವುಗಳ ಗರಿಯನ್ನು ವಿವರಿಸಲು ಗೊರಬಿಗಿಂತ ಒಳ್ಳೆಯ ಉಪಮಾನವಿಲ್ಲ. ಎಲೆಯ ಮೇಲೆ ಎಲೆ ಹೊದಿಸಿದ ಗೊರಬಿನ ಮೇಲಿಂದ ಮಳೆಯ ನೀರು ಜಾರಿಹೋಗುವಂತೆ, ಒಂದರ ಮೇಲೊಂದು ಮುಚ್ಚಿದ ಗರಿಗಳು ನೀರನ್ನು ಒಳಕ್ಕೆ ಬಿಡವು. ಸೀಲ್ ಪ್ರಾಣಿಗೆ ಚರ್ಮದ ಕೆಳಗಿನ ದಪ್ಪ ಕೊಬ್ಬೇ ಕಂಬಳಿ. ತೆಳುವಾದ ಎರಡು ಚೀಲಗಳ ನಡುವೆ ವನಸ್ಪತಿಯನ್ನು ದಪ್ಪನಾಗಿ ತುಂಬಿ, ಅದರೊಳಗೆ ಮಗುವಿನ ಒಂದು ಕೈಯನ್ನಿರಿಸಿ, ಮತ್ತೊಂದು ಕೈಯನ್ನು ಬರಿದಾಗಿ ಬಿಟ್ಟು, ಎರಡನ್ನೂ ಐಸಿನ ನೀರಿನಲ್ಲಿ ಕ್ಷಣಕಾಲ ಮುಳುಗಿಸಿದರೆ ಕೊಬ್ಬಿನ ಉಪಕಾರವು ಬೆರಳಿಗೇ ತಿಳಿಯುವುದು. ಬಿಳಿಯ ಕರಡಿಯ ಗಂಡು ಕಂಬಳದ ಕೋಣದಷ್ಟು ತೂಗಬಲ್ಲುದು. ಬೆಳ್ಳಗೆ ಕಾಣುವ ಅದರ ಕೂದಲಿನ ಕೆಳಗೆ ಚರ್ಮವು ಕಪ್ಪು. ಇಂತಹ ಒಂದೊಂದು ಸಂಗತಿಯನ್ನು ದಿನಕ್ಕೊಂದರಂತೆ ಹೇಳಿದರೆ ಸಾಕು. ಒಂದೇ ದಿನ ಹತ್ತನ್ನು ತುಂಬಿದರೆ ಒಂದೂ ನಿಲ್ಲದು.

ಅಲ್ಲಿಗೆ ಹೋದವರ ಕಥೆಯನ್ನೂ ಹೇಳಬೇಕು. ನಮ್ಮ ದೇಶದ ಮೊದಲ ತಂಡವು 1981ರ ಡಿಸೆಂಬರಿನಲ್ಲಿ ಡಾಕ್ಟರ್ ಕಾಸಿಂ ಅವರ ಮುಂದಾಳುತನದಲ್ಲಿ ಗೋವೆಯಿಂದ ಹೊರಟು 1982ರ ಜನವರಿ 9ರಂದು ಅಂಟಾರ್ಕ್ಟಿಕದಲ್ಲಿ ಕಾಲಿಟ್ಟಿತು. ಗೋವೆಯ ಕಡಲೂ ಬೈಂದೂರಿನ ಕಡಲೂ ಒಂದೇ ಅಲ್ಲವೆ? 1983ರಲ್ಲಿ ಹೊರಟ ತಂಡದಲ್ಲಿ ಅದಿತಿ ಪಂತ್, ಸುದೀಪ್ತಾ ಸೇನ್‌ಗುಪ್ತಾ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳಿದ್ದರು. ಬಡಗಣದ ಸ್ವಾಲ್ಬಾರ್ಡಿನಲ್ಲಿಯೂ 2008ರಿಂದ 'ಹಿಮಾದ್ರಿ' ಎಂಬ ನಮ್ಮ ನಿಲ್ದಾಣವುಂಟು. ಹೆಣ್ಣುಮಕ್ಕಳು ಇದನ್ನು ಎಳವೆಯಲ್ಲಿಯೇ ಕೇಳುವುದು ಒಳ್ಳೆಯದು.

ಇವನ್ನೆಲ್ಲ ಯಾವ ಮಾತಿನಲ್ಲಿ ಹೇಳಬೇಕು? ಅಜ್ಜಿಯು ಮನೆಯಲ್ಲಿ ಆಡುವ ಕುಂದಗನ್ನಡದಲ್ಲಿಯೇ ಎಂದು ನಾವು ಸಂಕೋಚವಿಲ್ಲದೆ ಹೇಳುವೆವು. ಹೊಯ್ಗೆ, ಹಟ್ಟಿ, ಗೊರಬು ಎಂಬ ಮಾತುಗಳ ಮೇಲೆ ಮಗುವು ಈಗಾಗಲೇ ನಿಂತಿದೆ. ಪೆಂಗ್ವಿನ್ ಎಂಬ ಹೊಸ ಹೆಸರು ಅವುಗಳ ನಡುವೆ ಬಂದು ಕುಳಿತರೆ ಅದಕ್ಕೆ ಅರ್ಥವು ತಾನಾಗಿ ಅಂಟಿಕೊಳ್ಳುವುದು. ಇಂಗ್ಲಿಷಿನ ಅಕ್ಷರದೊಡನೆ ಮಾತ್ರ ಬಂದ ಹೆಸರು ಪರೀಕ್ಷೆಯ ದಿನದವರೆಗೆ ನಾಲಿಗೆಯ ಮೇಲಿದ್ದು ಹೊರಟುಹೋಗುವುದು. ಮಗುವು ಮನೆಗೆ ಬಂದು ಅಜ್ಜಿಗೆ ಕಥೆಯನ್ನು ತಿರುಗಿ ಹೇಳಲಾರದಾದರೆ, ಕಲಿಸಿದುದಕ್ಕೆ ಕೊಟ್ಟ ಹಣವೂ ಹೊತ್ತೂ ಸಾರ್ಥಕವಾದುವೆಂದು ತಿಳಿಯುವುದು ಹೇಗೆ?

ಕೊನೆಯದಾಗಿ ಒಂದು ಗಂಭೀರ ವಿಷಯ. ಧ್ರುವಗಳ ಹಿಮವು ಕರಗುತ್ತಿರುವುದನ್ನು ವಾಚಕರು ಓದಿರುವರು. ಲೋಟದ ನೀರಿನಲ್ಲಿ ತೇಲುವ ಐಸು ಕರಗಿದರೆ ನೀರಿನ ಮಟ್ಟವು ಏರದು. ಲೋಟದ ಬಾಯಿಯ ಮೇಲೆ ಜಾಲರಿಯಿರಿಸಿ ಅದರ ಮೇಲಿಟ್ಟ ಐಸು ಕರಗಿ ಇಳಿದರೆ ಮಟ್ಟವು ಏರುವುದು. ನೆಲದ ಮೇಲಿನ ಹಿಮವು ಕರಗಿದಾಗ ಕಡಲು ಏರುವ ಬಗೆ ಇದು. ಒಂದು ಕಡೆ ಸೌಪರ್ಣಿಕೆ, ಮತ್ತೊಂದು ಕಡೆ ಸಮುದ್ರ, ನಡುವೆ ಹೆದ್ದಾರಿಯಿರುವ ಮರವಂತೆಯಲ್ಲಿ, ಮಳೆಗಾಲದ ಕಡಲ್ಕೊರೆತವನ್ನು ತಡೆಯಲು ಕಲ್ಲು ಹಾಕುವುದನ್ನು ನೋಡುತ್ತಿರುವ ನಮಗೆ ಇದು ಪರರ ಸಮಾಚಾರವೆಂದು ತೋರಲಾರದು. 2022ರಲ್ಲಿ ಬೆಲ್ಲಿಂಗ್ಸ್‌ಹೌಸನ್ ಸಮುದ್ರದ ಬಳಿ, ಮರಿಗಳಿಗೆ ಗರಿ ಬಲಿಯುವ ಮೊದಲೇ ಕಡಲಹಿಮವು ಒಡೆದುಹೋದುದರಿಂದ, ಚಕ್ರವರ್ತಿ ಪೆಂಗ್ವಿನ್ನುಗಳ ಐದು ಬೀಡುಗಳಲ್ಲಿ ನಾಲ್ಕರಲ್ಲಿ ಆ ವರ್ಷದ ಮರಿಗಳು ಉಳಿಯಲಿಲ್ಲವೆಂದು ವಿಜ್ಞಾನಿಗಳು ಕಂಡುಕೊಂಡಿರುವರು.

ಈ ಭಾರವನ್ನು ಐದು ವರ್ಷದ ಮಗುವಿನ ತಲೆಯ ಮೇಲೆ ಹೊರಿಸಲಾಗದು. ಹೆದರಿದ ಮಗುವು ಕಲಿಯದು. ಅದಕ್ಕೆ ಈಗ ಬೇಕಾದುದು ಪ್ರೀತಿ. ಪ್ರೀತಿಸಿದುದನ್ನು ಕಾಯುವ ಬುದ್ಧಿ ಬೆಳೆದಂತೆ ಬರುವುದು. ಕುಂದಾಪುರದ ಕೋಡಿಯ ತೀರಕ್ಕೆ ಕಡಲಾಮೆಗಳು ಬಂದು ಮೊಟ್ಟೆಯಿಡುವಾಗ ಊರವರೂ ಅರಣ್ಯ ಇಲಾಖೆಯವರೂ ಅವನ್ನು ಕಾಯುವರು. ಮರಿಗಳು ಹೊಯ್ಗೆಯಿಂದೆದ್ದು ನೀರಿಗಿಳಿಯುವುದನ್ನು ಮಗುವಿಗೆ ತೋರಿಸಿ, ಇದೇ ನೀರಿನ ಆಚೆಯ ತುದಿಯಲ್ಲಿ ಒಬ್ಬ ತಂದೆಯು ಮೊಟ್ಟೆಯನ್ನು ಪಾದದ ಮೇಲಿರಿಸಿಕೊಂಡು ನಿಲ್ಲುವನೆಂದು ಹೇಳೋಣ. ಮನೆಯಲ್ಲಿ ಒಂದು ತೆಂಗಿನಕಾಯಿ, ಒಂದು ದೀಪ, ಒಂದು ಲೋಟ ನೀರು, ಬಂದರಿನಿಂದ ತಂದ ಒಂದು ತುಂಡು ಐಸು ಇದ್ದರೆ ಈ ಪಾಠಕ್ಕೆ ಬೇರೆ ಸಾಮಗ್ರಿ ಬೇಡ. ಸಂಜೆಯ ಅರ್ಧ ಗಳಿಗೆಯನ್ನು ಇದಕ್ಕಾಗಿ ಮೀಸಲಿಡಲು ನಮ್ಮ ಗೃಹಸ್ಥರೂ ಗೃಹಿಣಿಯರೂ ಮನಸ್ಸು ಮಾಡಲೆಂದು ನಮ್ಮ ಬಿನ್ನಹ.